ಪ್ಲಗ್ ಕಿತ್ತ ಮೇಲೂ ಉಳಿಯುವ ಕರೆಂಟು

ಸಾಗರದಲ್ಲಿ ಟಿವಿ, ಯುಪಿಎಸ್, ಇಂಡಕ್ಷನ್ ಒಲೆ ಮತ್ತು ಮೈಕ್ರೋವೇವ್ ಓವನ್‌ಗಳನ್ನು ರಿಪೇರಿ ಮಾಡುವ ಚಿಕ್ಕ ಅಂಗಡಿ ನನ್ನದು. ಇಪ್ಪತ್ತೆರಡು ವರ್ಷಗಳ ಈ ಕೆಲಸದಲ್ಲಿ ನನಗೆ ಬಲವಾಗಿ ಶಾಕ್ ಹೊಡೆದದ್ದು ಒಂದೇ ಬಾರಿ. ಅದೂ ಪ್ಲಗ್ ಕಿತ್ತು ಹತ್ತು ನಿಮಿಷ ಕಳೆದ ಮೇಲೆ.

ಅಂದು ಮೇಜಿನ ಮೇಲಿದ್ದದ್ದು ಟಿವಿಯೊಂದರ ಪವರ್ ಬೋರ್ಡು. ಫ್ಯೂಸ್ ಸರಿಯಿತ್ತು, ಔಟ್‌ಪುಟ್ ಇರಲಿಲ್ಲ. ಬೋರ್ಡನ್ನು ಎಡಗೈಯಲ್ಲಿ ಎತ್ತಿ ತಿರುಗಿಸುವಾಗ ಹೆಬ್ಬೆರಳೂ ತೋರುಬೆರಳೂ ಚಾರ್ಜ್ ತುಂಬಿಟ್ಟುಕೊಳ್ಳುವ ದೊಡ್ಡ ಕೆಪ್ಯಾಸಿಟರಿಗೆ ಸೇರಿದ ಎರಡು ಬೆಸುಗೆಗಳನ್ನು ಒಟ್ಟಿಗೆ ಮುಟ್ಟಿದವು. ಕೈ ತಾನಾಗಿಯೇ ಹಿಂದಕ್ಕೆ ಹಾರಿ ಕಪಾಟಿನ ತಗಡಿನ ಅಂಚಿಗೆ ಬಡಿಯಿತು, ಮೊಣಕೈ ಬಳಿ ನಾಲ್ಕು ಹೊಲಿಗೆ ಬಿದ್ದವು. ಎರಡು ಬೆರಳ ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಬಿಳಿಯ ಸುಟ್ಟ ಕಲೆಗಳು ವಾರದವರೆಗೆ ಇದ್ದವು. ಬಲಗೈ ಆಗ ಬೇರೆ ಲೋಹದ ಮೇಲಿದ್ದಿದ್ದರೆ ಆ ಕರೆಂಟು ಎದೆಯ ಮೂಲಕ ಹಾಯಬಹುದಿತ್ತು. ಅಂದಿನಿಂದ ಕರೆಂಟ್ ಇರುವ ಬೋರ್ಡನ್ನು ಅಳೆಯುವಾಗ ಮೀಟರಿನ ಕಪ್ಪು ಪ್ರೋಬನ್ನು (ಮುಟ್ಟಿಸಿ ಅಳೆಯುವ ಕಡ್ಡಿಯನ್ನು) ಕ್ಲಿಪ್ಪಿನಿಂದ ಮೊದಲೇ ಸಿಕ್ಕಿಸಿ, ಒಂದು ಕೈಯನ್ನು ಬೆನ್ನ ಹಿಂದಿಡುತ್ತೇನೆ.

ಏಕೆ ಹೀಗಾಯಿತೆಂದು ಆಮೇಲೆ ನಿಧಾನವಾಗಿ ಯೋಚಿಸಿದೆ. ನಮ್ಮ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ. ಸರಿಯಿರುವ ಬೋರ್ಡಿನಲ್ಲಿ ಪ್ಲಗ್ ಕಿತ್ತ ಮೇಲೂ ಸರ್ಕ್ಯೂಟು ಸ್ವಲ್ಪ ಹೊತ್ತು ನಡೆದು ಆ ಚಾರ್ಜಿನ ಬಹುಭಾಗವನ್ನು ತಾನೇ ಬಳಸಿಬಿಡುತ್ತದೆ. ನನ್ನ ಕೈಯಲ್ಲಿದ್ದ ಬೋರ್ಡಿನಲ್ಲಿ ಸರ್ಕ್ಯೂಟನ್ನು ಶುರುಮಾಡಿಸುವ ಸ್ಟಾರ್ಟ್‌ಅಪ್ ರೆಸಿಸ್ಟರ್ ಓಪನ್ ಆಗಿತ್ತು, ಅಂದರೆ ಒಳಗೇ ಕಡಿದುಹೋಗಿತ್ತು. ಸರ್ಕ್ಯೂಟು ಶುರುವಾಗಿರಲೇ ಇಲ್ಲ, ಆದ್ದರಿಂದ ತುಂಬಿದ್ದು ಹಾಗೆಯೇ ನಿಂತಿತ್ತು. ಅಂದರೆ ಕೆಟ್ಟು ನಮ್ಮ ಮೇಜಿಗೆ ಬರುವ ಬೋರ್ಡುಗಳೇ ಹೆಚ್ಚು ಹೊತ್ತು ಚಾರ್ಜ್ ಹಿಡಿದಿಟ್ಟುಕೊಳ್ಳುವಂಥವು. ಈ ಮಾತನ್ನು ಕೆಲಸ ಕಲಿಯಲು ಬರುವ ಪ್ರತಿಯೊಬ್ಬ ಹುಡುಗನಿಗೂ ಮೊದಲ ದಿನವೇ ಹೇಳುತ್ತೇನೆ.

ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಖಾಲಿ ಮಾಡುವವರನ್ನು ನೋಡಿದ್ದೇನೆ. ಅದರ ಕಿಡಿ ತಾಮ್ರದ ಪಟ್ಟಿಯನ್ನು ಸುಡುತ್ತದೆ, ಕೆಪ್ಯಾಸಿಟರನ್ನೂ ಹಾಳುಮಾಡಬಹುದು. ನಾನು 2.2 ಕಿಲೋ ಓಮ್, 10 ವಾಟಿನ ಸಿಮೆಂಟ್ ರೆಸಿಸ್ಟರಿಗೆ ಎರಡು ಪ್ರೋಬ್ ಬೆಸೆದು, ಮೇಲೆ ಸ್ಲೀವ್ ಹಾಕಿ ಇಟ್ಟುಕೊಂಡಿದ್ದೇನೆ. 220 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್ ಇದರಿಂದ ಮೂರು ಸೆಕೆಂಡಿನೊಳಗೆ ಒಂದೆರಡು ವೋಲ್ಟಿಗೆ ಇಳಿಯುತ್ತದೆ. ಆದರೂ ಹತ್ತು ಎಣಿಸುವವರೆಗೆ ಹಿಡಿದು, ಅನಂತರ ಮೀಟರ್ ಇಟ್ಟು ನೋಡುತ್ತೇನೆ.

ಮೀಟರನ್ನೂ ಸುಮ್ಮನೆ ನಂಬುವಂತಿಲ್ಲ. ಹೋದ ಮಳೆಗಾಲದಲ್ಲಿ ಸಿಡಿಲಿಗೆ ಕೆಟ್ಟ ಯುಪಿಎಸ್ ಒಂದನ್ನು ಬಿಚ್ಚಿದ ನಮ್ಮ ಹುಡುಗ, “ಅಣ್ಣಾ, ಸೊನ್ನೆ ತೋರಿಸ್ತಿದೆ, ಮುಟ್ಲಾ?” ಎಂದು ಕೇಳಿದ. “ಬ್ಯಾಟರಿಗೆ ಇಟ್ಟು ನೋಡಿದ್ಯೇನೋ?” ಎಂದೆ. ಮೇಜಿನ ಮೂಲೆಯಲ್ಲಿ ಅದಕ್ಕೆಂದೇ ಇಟ್ಟಿರುವ 9 ವೋಲ್ಟಿನ ಬ್ಯಾಟರಿಗೆ ಪ್ರೋಬ್ ತಾಗಿಸಿದರೆ ಅಲ್ಲಿಯೂ ಸೊನ್ನೆಯೇ. ಕಪ್ಪು ವೈರು ಪಿನ್ನಿನ ಕುತ್ತಿಗೆಯ ಬಳಿ ಒಳಗೇ ತುಂಡಾಗಿತ್ತು, ಹೊರಗಿನ ರಬ್ಬರು ಮಾತ್ರ ಹಾಗೇ ಇತ್ತು. ಬೇರೆ ಪ್ರೋಬ್ ಹಾಕಿದಾಗ ಮೀಟರು 312 ತೋರಿಸಿತು. ಆ ಹುಡುಗ ಈಗ ಅಳೆಯುವ ಮೊದಲೊಮ್ಮೆ, ಅಳೆದ ಮೇಲೊಮ್ಮೆ ಬ್ಯಾಟರಿಯನ್ನು ಮುಟ್ಟಿಸಿ ನೋಡುತ್ತಾನೆ.

ಕರೆಂಟ್ ಕೊಟ್ಟು ಪರೀಕ್ಷಿಸುವಾಗ ಸೀರೀಸ್ ಲ್ಯಾಂಪ್ (ಬೋರ್ಡಿಗೆ ಹೋಗುವ ಲೈನಿನ ನಡುವೆ ಸೇರಿಸುವ ಬಲ್ಬು) ಇದ್ದರೆ ಸಾಕೆಂದು ಹಲವರು ತಿಳಿದಿದ್ದಾರೆ. 100 ವಾಟಿನ ಆ ಬಲ್ಬು ಬೋರ್ಡು ಸುಡದಂತೆ ಕಾಯುತ್ತದೆಯೇ ಹೊರತು ನಮ್ಮನ್ನಲ್ಲ. ಹಾಗಾಗಿ ಬೋರ್ಡನ್ನು ಗೋಡೆಯ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನೂ ಬಳಸುತ್ತೇನೆ. ಅದರ ಆಚೆಗೆ ಎರಡು ತುದಿಗಳನ್ನು ಒಟ್ಟಿಗೆ ಮುಟ್ಟಿದರೆ ಮಾತ್ರ ಶಾಕ್ ತಪ್ಪದು, ಸೋರುವ ಕರೆಂಟನ್ನು ಗುರುತಿಸಿ ಲೈನ್ ಕಡಿಯುವ ಗೋಡೆಯ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಆಗ ಟ್ರಿಪ್ ಆಗುವುದೂ ಇಲ್ಲ. ಇಂಡಕ್ಷನ್ ಒಲೆಯಲ್ಲಿ ಇನ್ನೊಂದು ಮೋಸವಿದೆ: ಸಾಮಾನ್ಯವಾಗಿ ಅದರ 5 ವೋಲ್ಟಿನ ಭಾಗವೂ ನೇರವಾಗಿ ಮೇನ್ಸಿಗೇ, ಅಂದರೆ ಗೋಡೆಯ 230 ವೋಲ್ಟಿನ ಲೈನಿಗೇ, ಸೇರಿಕೊಂಡಿರುತ್ತದೆ.

ಮೈಕ್ರೋವೇವ್ ಓವನ್ ಇವೆಲ್ಲಕ್ಕಿಂತ ಬೇರೆಯೇ ಜಾತಿ. ಟ್ರಾನ್ಸ್‌ಫಾರ್ಮರ್ ಇರುವ ಓವನ್ನಿನಲ್ಲಿ ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ 4000 ವೋಲ್ಟಿನಷ್ಟು ಹೋಗುತ್ತದೆ. ಕೆಪ್ಯಾಸಿಟರಿನೊಳಗೆ ಚಾರ್ಜ್ ಇಳಿಸುವ ರೆಸಿಸ್ಟರ್ ಇದ್ದರೂ ಅದು ಓಪನ್ ಆಗಿರಬಹುದು. ಅದಕ್ಕಾಗಿ ಉದ್ದನೆಯ ಪಿವಿಸಿ ಕೊಳವೆಯೊಳಗೆ ನೂರು ಕಿಲೋ ಓಮಿನ ಹತ್ತು ರೆಸಿಸ್ಟರುಗಳನ್ನು ಸಾಲಾಗಿ ಬೆಸೆದಿಟ್ಟ ಕೋಲು ಮಾಡಿಕೊಂಡಿದ್ದೇನೆ. ಒಂದು ತುದಿಯನ್ನು ಮೊದಲು ಚಾಸಿಗೆ (ಓವನ್ನಿನ ಲೋಹದ ಚೌಕಟ್ಟಿಗೆ) ಕ್ಲಿಪ್ ಮಾಡಿ, ಇನ್ನೊಂದನ್ನು ಎರಡೂ ಟರ್ಮಿನಲ್ಲುಗಳಿಗೆ ಹತ್ತು ಹತ್ತು ಸೆಕೆಂಡು ಹಿಡಿಯುತ್ತೇನೆ, ಕೊನೆಗೆ ಟರ್ಮಿನಲ್ಲುಗಳೆರಡನ್ನೂ ವೈರಿನಿಂದ ಜೋಡಿಸಿಯೇ ಕೆಲಸಕ್ಕೆ ಕೈ ಹಾಕುತ್ತೇನೆ. ಮುಚ್ಚಳ ತೆಗೆದು ಅದನ್ನು ಆನ್ ಮಾಡುವುದಿಲ್ಲ, ಸಾಮಾನ್ಯ ಮೀಟರಿನಿಂದ ಆ ವೋಲ್ಟೇಜನ್ನು ಅಳೆಯುವುದೂ ಇಲ್ಲ. ಹುಡುಗ ರಜೆ ಹಾಕಿ ನಾನೊಬ್ಬನೇ ಇರುವ ದಿನ, ಗಿರಾಕಿ ಎಷ್ಟೇ ಅವಸರ ಮಾಡಲಿ, ಓವನ್ನನ್ನು ಬಿಚ್ಚದೆ ಕಪಾಟಿನ ಕೆಳಗಿಟ್ಟು ಮಾರನೆಯ ದಿನ ಬರಲು ಹೇಳುತ್ತೇನೆ.