ಬ್ಲಡ್ ಕಲ್ಚರ್ ತೆಗೆಯುವುದು ಹೇಗೆ: ಹೌಸ್ ಸರ್ಜನ್ನರಿಗೆ, ನರ್ಸ್‌ಗಳಿಗೆ

ಬ್ಲಡ್ ಕಲ್ಚರ್ ಎಂದರೆ ರಕ್ತವನ್ನು ಬಾಟಲಿಗೆ ಹಾಕಿ, ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ. ಅದು ಕೆಟ್ಟರೆ ಸೋಂಕುರೋಗ ತಜ್ಞರು ಬಂದು ನೋಡಿದರೂ ಊಹೆಯ ಮೇಲೆಯೇ ಔಷಧ ಬರೆಯಬೇಕಾಗುತ್ತದೆ. ಕೆಡುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲೇ.

ಆಂಟಿಬಯೋಟಿಕ್‌ನ ಮೊದಲ ಡೋಸ್ ಹೋಗುವ ಮುಂಚೆ ರಕ್ತ ತೆಗೆಯಿರಿ. ಆದರೆ ರೋಗಿ ಸೆಪ್ಟಿಕ್ ಶಾಕ್‌ನಲ್ಲಿದ್ದು (ಸೋಂಕಿನಿಂದ ರಕ್ತದೊತ್ತಡ ಕುಸಿದ ಸ್ಥಿತಿ) ನರ ಸಿಗುತ್ತಿಲ್ಲವೆಂದರೆ ಕಲ್ಚರ್‌ಗಾಗಿ ಔಷಧ ತಡೆಹಿಡಿಯಬೇಡಿ. ಒಂದು ಗಂಟೆಯೊಳಗೆ ಅದು ಹೋಗಲೇಬೇಕು. ಚಳಿಜ್ವರ ಏರಲಿ ಎಂದು ಕಾಯುವವರು ಈಗಲೂ ಇದ್ದಾರೆ. ಕಾಯುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯ ರಕ್ತದ ಪ್ರಮಾಣ. ವಯಸ್ಕರಿಗೆ ಎರಡು ಸೆಟ್, ಎರಡು ಬೇರೆ ಜಾಗದಿಂದ. ಸೆಟ್ ಒಂದಕ್ಕೆ ಏರೋಬಿಕ್ (ಆಮ್ಲಜನಕವಿರುವ) ಬಾಟಲಿ ಒಂದು, ಅನೇರೋಬಿಕ್ (ಆಮ್ಲಜನಕವಿಲ್ಲದ) ಒಂದು, ಬಾಟಲಿಗೆ 8ರಿಂದ 10 ಮಿ.ಲೀ. ಎಷ್ಟೋ ಸಲ ಒಂದು ಮಿ.ಲೀ. ರಕ್ತದಲ್ಲಿ ಒಂದು ಬ್ಯಾಕ್ಟೀರಿಯವೂ ಇರುವುದಿಲ್ಲ, ಮೂರು ಮಿ.ಲೀ. ಹಾಕಿ ಬಂದ ನೆಗೆಟಿವ್ ರಿಪೋರ್ಟನ್ನು ನಂಬುವಂತಿಲ್ಲ. ಎಂಡೋಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಅನುಮಾನವಿದ್ದರೆ ಮೂರು ಸೆಟ್. ಮಕ್ಕಳಿಗೆ ತೂಕ ನೋಡಿ, ಪೀಡಿಯಾಟ್ರಿಕ್ ಬಾಟಲಿ.

ನರವನ್ನು ಮೊದಲೇ ಮುಟ್ಟಿ ಗುರುತಿಸಿಕೊಳ್ಳಿ. ಆಮೇಲೆ 70% ಆಲ್ಕೋಹಾಲ್‌ನಲ್ಲಿರುವ 2% ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಿ. ಬಾಯಿಂದ ಊದುವುದು, ಹತ್ತಿಯಿಂದ ಒರೆಸುವುದು, 'ಒಂದು ಸಲ ನೋಡ್ತೀನಿ' ಎಂದು ಮತ್ತೆ ಬೆರಳಿಡುವುದು, ಮೂರೂ ಬೇಡ. ಮುಚ್ಚಳ ಕಿತ್ತ ಬಾಟಲಿಯ ರಬ್ಬರ್ ಕೂಡ ಸ್ಟೆರೈಲ್ ಅಲ್ಲ. ಅದನ್ನೂ 70% ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಮೊದಲೇ ಹಾಕಿದ್ದ ಕ್ಯಾನುಲಾದಿಂದ (ಡ್ರಿಪ್ ಕೊಡಲು ನರದಲ್ಲಿಟ್ಟ ಕೊಳವೆ) ರಕ್ತ ಎಳೆಯಬೇಡಿ.

ಸಿರಿಂಜಿನಲ್ಲಿ ತೆಗೆದರೆ ಮೊದಲು ಅನೇರೋಬಿಕ್ ಬಾಟಲಿಗೆ ಹಾಕಿ, ಕೊನೆಗೆ ಉಳಿಯುವ ಗಾಳಿ ಅದಕ್ಕೆ ಹೋಗಬಾರದು. ಬಟರ್‌ಫ್ಲೈ ಸೆಟ್ (ಕೊಳವೆ ಜೋಡಿಸಿದ ಸೂಜಿ) ಆದರೆ ಮೊದಲು ಏರೋಬಿಕ್, ಕೊಳವೆಯಲ್ಲಿ ಮೊದಲೇ ಗಾಳಿ ಇರುತ್ತದೆ. ರಕ್ತ ಸಾಲದೆ ಹೋದರೆ ಏರೋಬಿಕ್ ಬಾಟಲಿಯನ್ನಾದರೂ ತುಂಬಿಸಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಮತ್ತಿತರ ಟ್ಯೂಬುಗಳು ನಂತರ. ನಡುವೆ ಸೂಜಿ ಬದಲಿಸಬೇಡಿ, ನಿಮ್ಮ ಬೆರಳಿಗೇ ಚುಚ್ಚೀತು.

ಲೇಬಲ್‌ನಲ್ಲಿ ಸಮಯ, ಯಾವ ಕೈ ಎಂಬುದೂ ಇರಲಿ, ಬಾರ್‌ಕೋಡ್ ಮುಚ್ಚಬೇಡಿ. ಬಾಟಲಿಯನ್ನು ಫ್ರಿಡ್ಜ್‌ನಲ್ಲಿ ಇಡದೆ ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ.

ಟೈಫಾಯಿಡ್ ಅನುಮಾನಕ್ಕೆ ಮೊದಲ ವಾರದ ಕಲ್ಚರ್ ಬೇಕು. ಬರೀ ವಿಡಾಲ್ (ರಕ್ತದಲ್ಲಿನ ಪ್ರತಿಕಾಯ ನೋಡುವ ಪರೀಕ್ಷೆ) ನೋಡಿ ಚಿಕಿತ್ಸೆ ಶುರು ಮಾಡುವ ರೂಢಿ ಇನ್ನಾದರೂ ಬಿಡಬೇಕು.

ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿ ಕೋಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫೈಲೋಕಾಕಸ್ ಬೆಳೆದರೆ ಬಹುತೇಕ ಅದು ಚರ್ಮದಿಂದ ಸೇರಿಕೊಂಡ ಬ್ಯಾಕ್ಟೀರಿಯ, ರಕ್ತದ ಸೋಂಕಲ್ಲ. ಸ್ಟ್ಯಾಫೈಲೋಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ (ಒಂದು ಶಿಲೀಂಧ್ರ) ಬಂದರೆ ಒಂದೇ ಬಾಟಲಿಯಾದರೂ ನಿಜವೆಂದೇ ತಿಳಿದು ತಜ್ಞರಿಗೆ ಅಂದೇ ಹೇಳಿ. ಇಂಥ ರೋಗಿಗಳಿಗೆ ನೆಗೆಟಿವ್ ಆಗುವವರೆಗೆ 24ರಿಂದ 48 ಗಂಟೆಗೊಮ್ಮೆ ಕಲ್ಚರ್ ಮತ್ತೆ ಕಳಿಸಿ.