ಭುಜದ ನೋವಿಗೆ ಕಾಲಿನಲ್ಲಿ ಸೂಜಿ: ನನ್ನ ಅನುಭವ

ತೀರ್ಥಹಳ್ಳಿಯ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ನನ್ನ ಅಕ್ಯುಪಂಕ್ಚರ್ ಚಿಕಿತ್ಸಾಲಯಕ್ಕೆ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಬರತೊಡಗುತ್ತಾರೆ. ದಿನವಿಡೀ ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕೈ ಮೇಲೆತ್ತಿ ದೋಟಿ (ಗೊನೆ ಕೊಯ್ಯುವ ಉದ್ದನೆಯ ಕೋಲು) ಹಿಡಿಯುವ ಕೆಲಸ. ಮರ ಹತ್ತುತ್ತಿದ್ದಾಗ ಮಂಡಿ ನೋವೆಂದು ಬರುತ್ತಿದ್ದವರು ಫೈಬರ್ ದೋಟಿ ಬಂದ ಮೇಲೆ ಭುಜ ತೋರಿಸುತ್ತಿದ್ದಾರೆ.

ಮೊದಲ ಮೂರು ವರ್ಷ ನಾನು ನೋವಿದ್ದಲ್ಲಿಗೇ ಸೂಜಿ ಹಾಕುತ್ತಿದ್ದೆ. ಎಲ್‌ಐ 15, ಎಸ್‌ಜೆ 14, ಎಸ್‌ಐ 9 ಎಂಬ ಭುಜದ ಬಿಂದುಗಳು, ಒತ್ತಿದಾಗ ನೋಯುವ ಒಂದೆರಡು ಕಡೆ, ಮೇಲೆ ಆ ಸೂಜಿಗಳಿಗೆ ಯಂತ್ರದಿಂದ ಇಪ್ಪತ್ತು ನಿಮಿಷ ಸಣ್ಣ ಕರೆಂಟು. ಎದ್ದು ಹೋಗುವಾಗ ಹಗುರವೆನ್ನುತ್ತಿದ್ದರು; ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಮತ್ತೆ ಅದೇ ನೋವು. ಕೆಲವರಿಗೆ ಹೆಚ್ಚೇ ಆಯಿತು. ಮೂರನೆಯ ಸಿಟ್ಟಿಂಗ್‌ಗೆ ಅರ್ಧಕ್ಕರ್ಧ ಜನ ಬರುವುದನ್ನು ನಿಲ್ಲಿಸಿದರು. ಸಾಲ ಮಾಡಿ ಕೊಂಡ ಯಂತ್ರಕ್ಕೆ ಸುಮಾರು ಹದಿನಾಲ್ಕು ಸಾವಿರ ಕೊಟ್ಟಿದ್ದೆ, ಸಿಟ್ಟಿಂಗ್‌ಗೆ ಇನ್ನೂರು ರೂಪಾಯಿ. ಆ ವರ್ಷ ಬಾಡಿಗೆ ಹುಟ್ಟಿದ್ದೇ ಹೆಚ್ಚು. ಪರಿಚಯದ ಮೂಳೆ ವೈದ್ಯರೊಬ್ಬರು, ಭುಜ ತಾನಾಗಿಯೇ ಸಡಿಲವಾಗುವವರೆಗೆ ನೀವು ಹಣ ತೆಗೆದುಕೊಳ್ಳುತ್ತೀರಿ ಎಂದು ನನ್ನೆದುರಿಗೇ ಹೇಳಿದರು. ಆ ಮಾತು ಬಹಳ ದಿನ ಕೊರೆಯಿತು.

ದಾರಿ ತೋರಿಸಿದ್ದು ಎಸ್‌ಟಿ 38. ಮೊಣಕಾಲಿಗೂ ಪಾದದ ಕೀಲಿನ ಹೊರಗಂಟಿಗೂ ನಡುಮಧ್ಯದ ಈ ಬಿಂದು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವುದೇ. ನಾವು ತಪ್ಪುವುದು, ರೋಗಿಯನ್ನು ಮಲಗಿಸಿ, ಸೂಜಿ ಹಾಕಿ, ಪಕ್ಕದ ಮಂಚಕ್ಕೆ ಹೋಗಿಬಿಡುವುದರಲ್ಲಿ. ನಾನು ಈಗ ಸ್ಟೂಲಿನ ಮೇಲೆ ಕೂರಿಸುತ್ತೇನೆ. 75 ಮಿಲಿಮೀಟರಿನ ಸೂಜಿಯನ್ನು ಮೀನಖಂಡದ ಹಿಂಬದಿಯ ಬಿಎಲ್ 57 ಬಿಂದುವಿನ ದಿಕ್ಕಿಗೆ ಇಳಿಸುತ್ತೇನೆ. ಜೋಮು ಪಾದದವರೆಗೆ ಇಳಿದ ಮೇಲೆ, ನಾನು ಸೂಜಿ ತಿರುಗಿಸುತ್ತಿರುವಾಗಲೇ ರೋಗಿ ನೋವಿನ ಕೈಯನ್ನು ಎತ್ತಬೇಕು, ಇಳಿಸಬೇಕು, ಬೆನ್ನ ಹಿಂದೆ ಒಯ್ಯಬೇಕು. ಐದಾರು ನಿಮಿಷ, ಅಷ್ಟೇ. ಮೊದಲ ಮೂರು ಸಿಟ್ಟಿಂಗ್ ಭುಜವನ್ನು ಮುಟ್ಟುವುದೇ ಇಲ್ಲ. ಯಾವ ಕಾಲು ಎಂಬುದನ್ನು ಬೆರಳಿನಿಂದ ಒತ್ತಿ ಗುರುತಿಸುವ ಒಂದು ಬಗೆ ನನಗೆ ಕೈಗೂಡಿದೆ. ಅದನ್ನು ಕೂತು ಕಲಿಸಬಹುದು, ಬರೆಯಲಾರೆ.

"ಡಾಕ್ಟರೇ, ನೋವಿರುವುದು ಭುಜದಲ್ಲಿ, ಚುಚ್ಚುವುದು ಕಾಲಿಗೇ?" ಎಂದು ಕೇಳಿದ ಮೊದಲ ಕೊನೆಗೌಡ ಆರು ತಿಂಗಳಿಂದ ಅಂಗಿ ತೊಡಲು ಹೆಂಡತಿಯ ನೆರವು ಪಡೆಯುತ್ತಿದ್ದ. ಅದೇ ಸ್ಟೂಲಿನ ಮೇಲೆ ಅವನ ಕೈ ಕಿವಿಯ ಮಟ್ಟಕ್ಕೆ ಬಂತು. ಅಂದು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಕೂರಿಸಿ ಹಾಕುವುದರಲ್ಲಿ ಅಪಾಯವೂ ಇದೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಒಬ್ಬರು ತಲೆ ಸುತ್ತಿ ನನ್ನ ಮೇಲೆಯೇ ಒರಗಿದರು. ಈಗ ಮೊದಲು ಬೆಲ್ಲ, ನೀರು. ಹೆಗಲ ಮೇಲಿನ ಜಿಬಿ 21 ಬಿಂದುವಿಗೆ ನೇರವಾಗಿ ಆಳಕ್ಕೆ ಹಾಕುವುದನ್ನಂತೂ ಬಿಟ್ಟೇಬಿಟ್ಟೆ. ಬಡಕಲು ಮೈಯವರಲ್ಲಿ ಶ್ವಾಸಕೋಶ ಅಲ್ಲೇ ಕೆಳಗಿರುತ್ತದೆ. ಎಡ ಭುಜದ ನೋವು ಏರು ಹತ್ತಿದಾಗ ಹೆಚ್ಚುವುದಾದರೆ ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಇಸಿಜಿಗೆ ಕಳಿಸುತ್ತೇನೆ.

ಎರಡು ಸುಗ್ಗಿಯಲ್ಲಿ ಐವತ್ತರ ಆಸುಪಾಸು ಜನರನ್ನು ನೋಡಿರಬಹುದು. ಮೂವತ್ತೈದು ಮಂದಿಯಾದರೂ ತಲೆ ಬಾಚುವಷ್ಟು ಕೈ ಎತ್ತಿದ್ದಾರೆ. ಸಕ್ಕರೆ ಕಾಯಿಲೆಯವರದು ನಿಧಾನ. ನಾಲ್ಕೈದು ಮಂದಿಗೆ ಏನೂ ಆಗಲಿಲ್ಲ, ಹಣ ಹಿಂದಿರುಗಿಸಿದೆ. ಈಗ ಹದಿನೈದು ಸಿಟ್ಟಿಂಗ್‌ಗೆ ಒಟ್ಟಾಗಿ ಎರಡು ಸಾವಿರ ಎಂದು ಮೊದಲೇ ಹೇಳುತ್ತೇನೆ, ನಡುವೆ ಬಿಟ್ಟು ಹೋಗುವವರು ಕಡಿಮೆಯಾದರು. ಜರ್ಮನಿಯಲ್ಲಿ 424 ಭುಜನೋವಿನ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ಆರು ವಾರಕ್ಕೆ ಹದಿನೈದು ಸಿಟ್ಟಿಂಗೇ ಇತ್ತು. ಅದನ್ನು ಆ ಮೂಳೆ ವೈದ್ಯರಿಗೆ ಓದಲು ಕೊಟ್ಟೆ. ಕಳೆದ ವರ್ಷ ತಮ್ಮ ಅತ್ತಿಗೆಯನ್ನು ಅವರೇ ಕಳಿಸಿದರು.

ಮನೆಗೆ ಕಳಿಸುವಾಗ ಕಿವಿಯ ಮೇಲೆ ಭುಜಕ್ಕೆಂದು ಗುರುತಿಸುವ ಬಿಂದುವಿಗೆ ಸಾಸಿವೆ ಕಾಳು ಅಂಟಿಸಿಯೂ ನೋಡಿದೆ. ನಮ್ಮ ಮಳೆಗಾಲದಲ್ಲಿ ಟೇಪು ಒಂದು ದಿನವೂ ನಿಲ್ಲಲಿಲ್ಲ. ಮೋಕ್ಸಾ, ಅಂದರೆ ಒಣ ಮೂಲಿಕೆ ಉರಿಸಿ ಬಿಂದುವಿಗೆ ಶಾಖ ಕೊಡುವುದು, ಒಳ್ಳೆಯದೇ, ಆದರೆ ಹೊಗೆಗೆ ಮನೆಯ ಮಾಲೀಕರು ಒಪ್ಪಲಿಲ್ಲ. ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವ ಹೆಂಗಸರ ಭುಜ ಮಾತ್ರ ಬೇರೆಯೇ ಬಗೆ, ಎಸ್‌ಟಿ 38ಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಅವರಿಗೆ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಜಿಬಿ 34ನ್ನು ಇದೇ ಕ್ರಮದಲ್ಲಿ ಹಾಕಿ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಏಳು ಮಂದಿ, ಇಬ್ಬರಿಗೆ ರಾತ್ರಿ ನಿದ್ದೆ ಬಂದಿದೆ.