ಮೊದಲು ಸುಳಿ ಎಲ್ಲಿದೆ ಎಂದು ನೋಡುತ್ತೇನೆ

ಬಿತ್ತನೆಯಾದ ಮೊದಲ ತಿಂಗಳು ಕುರ್ಪಿ, ಚಾಕು, ಅಳತೆ ಟೇಪು ಇಲ್ಲದೆ ನಾನು ಹೊಲಕ್ಕೆ ಇಳಿಯುವುದಿಲ್ಲ. ಬದುವಿನ ಮೇಲೆ ನಿಂತರೆ ಬೆಳೆಯ ಬಣ್ಣ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಮೆಕ್ಕೆಜೋಳ, ಸೋಯಾಬೀನ್ ಎರಡನ್ನೂ ಬೆಳೆಯುತ್ತೇನೆ, ಆದರೆ ಎರಡನ್ನೂ ನೋಡುವ ಕ್ರಮ ಬೇರೆ ಬೇರೆ. ಮೆಕ್ಕೆಜೋಳಕ್ಕೆ ಐದಾರು ಎಲೆ ಪೂರ್ತಿ ಬಿಚ್ಚುವವರೆಗೆ ಬೆಳೆಯುವ ತುದಿ, ಅಂದರೆ ಸುಳಿ, ಮಣ್ಣಿನೊಳಗೇ ಇರುತ್ತದೆ. ಎಲೆ ಕಾಂಡಕ್ಕೆ ಕೂಡುವಲ್ಲಿ ತಿಳಿ ಬಣ್ಣದ ಪಟ್ಟಿ ಕಂಡರೆ ಮಾತ್ರ ಆ ಎಲೆಯನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಸೋಯಾಬೀನ್ ಬೀಜದೆಲೆಗಳನ್ನು, ಅಂದರೆ ಬೀಜದ ಎರಡು ಬೇಳೆಗಳನ್ನು, ಹೊತ್ತುಕೊಂಡೇ ನೆಲ ಸೀಳಿ ಬರುತ್ತದೆ. ಅಂದಿನಿಂದಲೇ ಅದರ ಸುಳಿ ಬಯಲಿಗೆ ಬಿದ್ದಂತೆ. ಆರಂಭದ ದಿನಗಳಲ್ಲಿ ನಾನು ಮಾಡುವ ತೀರ್ಮಾನಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಮೊಳಕೆ ಮೇಲೆ ಬಂದ ಕೂಡಲೇ ಮೊದಲ ಕೆಲಸ ಗಿಡ ಎಣಿಸುವುದು. ಸಾಲಿನ ಅಂತರ 60 ಸೆಂ.ಮೀ. ಇದ್ದರೆ 6.74 ಮೀಟರ್ ಸಾಲು ಎಂದರೆ ಎಕರೆಯ ಸಾವಿರದ ಒಂದು ಪಾಲು. ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇಟ್ಟು ಬಿತ್ತಿದ್ದರೆ ಅಷ್ಟು ಉದ್ದದಲ್ಲಿ 33ರ ಆಸುಪಾಸು ಗಿಡ ಸಿಗಬೇಕು. ಸೋಯಾಬೀನ್ 30 ಸೆಂ.ಮೀ. ಸಾಲಿನಲ್ಲಿ 10 ಸೆಂ.ಮೀ.ಗೆ ಒಂದರಂತಿದ್ದರೆ ಚದರ ಮೀಟರಿಗೆ 33 ಗಿಡ. ಒಂದೇ ಕಡೆ ಎಣಿಸಿದರೆ ಸಾಲದು. ತಗ್ಗು, ದಿಣ್ಣೆ, ನಡುಭಾಗ ಎಲ್ಲ ಬರಬೇಕು.

ಮೆಕ್ಕೆಜೋಳದಲ್ಲಿ ಎಣಿಕೆಗಿಂತ ಸಮತೆ ದೊಡ್ಡದು ಎಂಬುದು ನನ್ನ ನಂಬಿಕೆ. ಅಕ್ಕಪಕ್ಕದ ಗಿಡಗಳಿಗಿಂತ ಎರಡು ಎಲೆ ಹಿಂದೆ ಬಿದ್ದ ಗಿಡ ನೆರಳಲ್ಲಿ ಸೊರಗುತ್ತದೆ. ಗೊಬ್ಬರ, ನೀರು ತಿನ್ನುತ್ತದೆ, ತೆನೆ ಸರಿಯಾಗಿ ಕೊಡುವುದಿಲ್ಲ. ಹಾಗಾಗಿ ತಡವಾಗಿ ಖಾಲಿ ಜಾಗ ತುಂಬಲು ಬೀಜ ಊರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಸೋಯಾಬೀನ್ ಕವಲೊಡೆದು ಪಕ್ಕದ ಜಾಗ ತಾನೇ ತುಂಬಿಕೊಳ್ಳುತ್ತದೆ, ಅಲ್ಲಲ್ಲಿ ಗಿಡ ಕಡಿಮೆಯಾದರೆ ನಾನು ಗಾಬರಿಯಾಗುವುದಿಲ್ಲ.

ಖಾಲಿ ಬಿದ್ದ ಕಡೆ ಅಗೆದೇ ನೋಡುತ್ತೇನೆ. ಬೀಜವೇ ಇಲ್ಲದಿದ್ದರೆ ಕೂರಿಗೆಯ ದೋಷ ಅಥವಾ ಹಕ್ಕಿಯ ಕೆಲಸ. ಬೀಜ ಇದ್ದೂ ಒಣಗಿದ್ದರೆ ತೇವ ಸಾಲಲಿಲ್ಲ. ಸೋಯಾಬೀನ್ ತನ್ನ ತೂಕದ ಅರ್ಧದಷ್ಟು ನೀರು ಹೀರಬೇಕು, ಮೆಕ್ಕೆಜೋಳಕ್ಕೆ ಮೂರನೇ ಒಂದು ಪಾಲು ಸಾಕು. ಅರೆಹದದಲ್ಲಿ ಒಂದು ಮೊಳೆತು ಇನ್ನೊಂದು ಮೊಳೆಯದಿರುವುದು ಇದರಿಂದಲೇ. ಬೀಜ ಮೆತ್ತಗಾಗಿ ನಾರುತ್ತಿದ್ದರೆ ಕೊಳೆರೋಗ. ಮೊಳಕೆ ಮಣ್ಣೊಳಗೇ ಸುರುಳಿ ಸುತ್ತಿ ಎಲೆ ಬಿಚ್ಚಿದ್ದರೆ ಮೇಲ್ಮಣ್ಣು ಗಟ್ಟಿ ಪದರ ಕಟ್ಟಿದೆ. ಸೋಯಾಬೀನ್‌ಗೆ ಇದು ಪ್ರಾಣಾಂತಿಕ: ಬಾಗಿದ ಕತ್ತು ಪದರಕ್ಕೆ ಒತ್ತಿ ಮುರಿಯುತ್ತದೆ. ಬಿರುಮಳೆಯ ಹಿಂದೆಯೇ ಬಿಸಿಲು ಬಂದರೆ ಸೋಯಾಬೀನ್ ಹೊಲಕ್ಕೇ ಮೊದಲು ಹೋಗುತ್ತೇನೆ. ತುಂತುರು ನೀರು ಕೊಟ್ಟು ಪದರ ಮೆತ್ತಗಾಗಿಸಲು ಸಿಗುವ ಕಾಲ ಬಹಳ ಕಡಿಮೆ.

ನೀರು ನಿಂತ ಹೊಲದ ವಿಷಯದಲ್ಲಿ ಮಾತ್ರ ಅವಸರ ಬೇಡ. ಮುಳುಗಿದ ಮಣ್ಣಿನಲ್ಲಿ ಎರಡು ದಿನದೊಳಗೆ ಆಮ್ಲಜನಕ ತೀರುತ್ತಾ ಬರುತ್ತದೆ, ಮೆಕ್ಕೆಜೋಳದ ಸುಳಿ ನೆಲದೊಳಗೇ ಇರುವಾಗ ಪೆಟ್ಟು ಜಾಸ್ತಿ. ನೀರು ಬಸಿದು ಮೂರು ನಾಲ್ಕು ದಿನ ಬಿಟ್ಟು ಗಿಡ ಕಿತ್ತು ಉದ್ದಕ್ಕೆ ಸೀಳುತ್ತೇನೆ. ಬೆಳೆಯುವ ತುದಿ ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಬದುಕುತ್ತದೆ, ಹೊಸ ಎಲೆ ಬರುತ್ತದೆ. ಕಂದಾಗಿ ಮೆತ್ತಗಾಗಿದ್ದರೆ ಆಸೆ ಬಿಡುತ್ತೇನೆ. ಮರುಬಿತ್ತನೆಯ ತೀರ್ಮಾನ ಈ ಸೀಳಿದ ಗಿಡಗಳನ್ನು ನೋಡಿದ ಮೇಲೆಯೇ.

ಕತ್ತರಿ ಹುಳುವಿನ ಲೆಕ್ಕವೂ ಹೀಗೇ. ನೆಲದಿಂದ ಮೇಲೆ ಕತ್ತರಿಸಿದ ಎಳೆ ಮೆಕ್ಕೆಜೋಳ ಮತ್ತೆ ಚಿಗುರಬಹುದು, ಮಣ್ಣೊಳಗೆ ಕಡಿದಿದ್ದರೆ ಇಲ್ಲ. ಸೋಯಾಬೀನ್ ಬೀಜದೆಲೆಯ ಕೆಳಗೆ ತುಂಡಾದರೆ ಮುಗಿಯಿತು; ಮೇಲೆ ತುಂಡಾದರೆ ಬೀಜದೆಲೆಯ ಕಂಕುಳಿನ ಮೊಗ್ಗು ಹೊರಡುತ್ತದೆ. ಹುಳು ಹಗಲಲ್ಲಿ ಗಿಡದ ಬುಡದ ಮಣ್ಣಿನಲ್ಲಿ ಅಡಗಿರುತ್ತದೆ, ಕೆದಕಿದರೆ ಸಿಗುತ್ತದೆ.

ಫಾಲ್ ಸೈನಿಕ ಹುಳು ಅಮೆರಿಕ ಖಂಡಗಳಿಂದ 2016ರಲ್ಲಿ ಆಫ್ರಿಕಾಕ್ಕೂ 2018ರಲ್ಲಿ ಭಾರತಕ್ಕೂ ಬಂದ ಮೇಲೆ ಮೆಕ್ಕೆಜೋಳದ ಮೇಲಿನ ಸುಳಿಯನ್ನು, ಅಂದರೆ ಸುತ್ತಿಕೊಂಡ ಎಳೆ ಎಲೆಗಳನ್ನು, ಬಿಡಿಸಿ ನೋಡದೆ ಗತಿಯಿಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ ಹತ್ತತ್ತು ಗಿಡ ನೋಡುತ್ತೇನೆ. ಅಂಚಿನ ಸಾಲುಗಳನ್ನು ಬಿಡುತ್ತೇನೆ, ಅವು ಇಡೀ ಹೊಲದ ಮಾತು ಹೇಳುವುದಿಲ್ಲ. ಮರಿಹುಳು ಎಲೆಯ ಹಸಿರನ್ನು ಮಾತ್ರ ಕೆರೆದು ಗಾಜಿನಂಥ ಬಿಳಿ ಮಚ್ಚೆ ಬಿಡುತ್ತದೆ. ಆ ಹಂತದಲ್ಲಿ ಕಂಡರೆ ಹತೋಟಿ ಸುಲಭ. ಸುಳಿಯಲ್ಲಿ ಹಿಕ್ಕೆ ತುಂಬಿದ ಮೇಲೆ ಔಷಧಿ ಒಳಗಿಳಿಯುವುದೇ ಕಷ್ಟ. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಹಿಂಬದಿಯಲ್ಲಿ ಚೌಕಾಕಾರದ ನಾಲ್ಕು ಚುಕ್ಕಿ ಇದ್ದರೆ ಬೇರೆ ಹುಳುವೆಂಬ ಅನುಮಾನ ಬೇಡ. ಎಳೆ ಬೆಳೆಯಲ್ಲಿ ಹುಳು ಬಿದ್ದ ಗಿಡ ನೂರಕ್ಕೆ ಐದು ದಾಟಿದರೆ ಬೇವಿನ ಕಷಾಯಕ್ಕೆ ಸಿದ್ಧನಾಗುತ್ತೇನೆ.

ಸೋಯಾಬೀನ್‌ನಲ್ಲಿ ಎಲೆಯ ತೂತು ನೋಡಿ ಕೂಡಲೇ ಸಿಂಪಡಿಸುವವರನ್ನು ಕಂಡರೆ ಬೇಸರವಾಗುತ್ತದೆ. ಹೂ ಬಿಡುವ ಮುಂಚೆ ಎಲೆಯ ಕಾಲುಭಾಗ ಹೋದರೂ ಗಿಡ ಸುಧಾರಿಸಿಕೊಳ್ಳುತ್ತದೆ. ಹೆಚ್ಚು ಭಯ ಕಾಂಡದ ನೊಣದ್ದು. ಬಾಡಿದ ಗಿಡದ ಕಾಂಡ ಸೀಳಿದಾಗ ಕೆಂಪಗಿನ ಸುರಂಗ ಕಂಡರೆ ಅದೇ.

ಮೂರು ನಾಲ್ಕು ವಾರಕ್ಕೆ ಸೋಯಾಬೀನ್ ಗಿಡಗಳನ್ನು ಎಳೆಯದೆ, ಮಣ್ಣಿನ ಸಮೇತ ಅಗೆದು ತೆಗೆಯುತ್ತೇನೆ. ಎಳೆದರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಗಂಟು ಕುಯ್ದಾಗ ಒಳಗೆ ನಸುಗೆಂಪು ಇದ್ದರೆ ಸಾರಜನಕ ಕಟ್ಟುವ ಕೆಲಸ ನಡೆದಿದೆ. ಹಸಿರು ಅಥವಾ ಬೂದು ಇದ್ದರೆ, ಗಂಟೇ ಇಲ್ಲದಿದ್ದರೆ, ಬೀಜಕ್ಕೆ ಈ ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾ ಹಚ್ಚುವ ಮಾತನ್ನು ಮುಂದಿನ ಬಿತ್ತನೆಗೆ ಬರೆದಿಡುತ್ತೇನೆ. ಮೆಕ್ಕೆಜೋಳದ ಹಳದಿಯಲ್ಲೂ ಭೇದವಿದೆ: ಕೆಳಗಿನ ಹಳೆ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾದರೆ ಸಾರಜನಕದ ಕೊರತೆ, ಎಳೆ ಎಲೆಯ ಬುಡದ ಕಡೆ ಬಿಳಿ ಪಟ್ಟೆ ಬಂದರೆ ಸತುವಿನದು.

ಕಳೆಯನ್ನು ಎಡೆಕುಂಟೆಯ ಹದ ತಪ್ಪುವ ಮುನ್ನ, ಮೆಕ್ಕೆಜೋಳ ಮೂರು ಎಲೆ ದಾಟುವ ಹೊತ್ತಿಗೆ ತೆಗೆಯಲು ಶುರುಮಾಡುತ್ತೇನೆ. ಎಣಿಸಿದ ಜಾಗಗಳಲ್ಲಿ ಗೂಟ ನೆಟ್ಟಿರುವುದರಿಂದ ಮುಂದಿನ ವಾರ ಅದೇ ಗಿಡಗಳನ್ನು ಮತ್ತೆ ನೋಡಬಹುದು, ಸುಧಾರಿಸಿದೆಯೋ ಇಳಿದಿದೆಯೋ ಎಂದು ಹೋಲಿಸಬಹುದು.